ಮೊದಲು ಒಳಗೆ ಹಾಕ್ಲಿ, ಆಮೇಲೆ ನೋಡೋಣ

2020ರ ಜನವರಿ. ಔಟರ್ ರಿಂಗ್ ರೋಡಿನಲ್ಲಿರೋ ನಮ್ಮ ಆಫೀಸಿನಿಂದ ಹೆಚ್ಚು ದೂರವಿಲ್ಲದ ಕರಿಯಮ್ಮನ ಅಗ್ರಹಾರದಲ್ಲಿ ಜೆಸಿಬಿ ತಂದು ಶೀಟಿನ ಗುಡಿಸಲುಗಳನ್ನು ಕೆಡವಿದರು. ಅಲ್ಲಿರೋರೆಲ್ಲ ಅಕ್ರಮವಾಗಿ ಬಂದ ಬಾಂಗ್ಲಾದೇಶದವರು ಅನ್ನೋ ಮಾತು ಅಷ್ಟರಲ್ಲಾಗಲೇ ಫೋನಿಂದ ಫೋನಿಗೆ ಓಡಿತ್ತು. ಕೆಡವಿದ ಮೇಲೆ ಪತ್ರಿಕೆಯವರು ಹೋಗಿ ಮಾತಾಡಿಸಿದರೆ ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದವರು ಗುರುತಿನ ಚೀಟಿ ತೋರಿಸಿದರು. ಅವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು! ವಿಷಯ ಹೈಕೋರ್ಟಿಗೆ ಹೋಯಿತು, ತಡೆ ಸಿಕ್ಕಿತು. ಆದರೆ ತಡೆ ಬರೋ ಹೊತ್ತಿಗೆ ಅಲ್ಲಿ ಕೆಡವೋಕೆ ಹೆಚ್ಚೇನೂ ಉಳಿದಿರಲಿಲ್ಲ.

ಆ ವಾರ ಕ್ಯಾಂಟೀನಿನಲ್ಲಿ ಊಟ ಮಾಡ್ತಾ ನನ್ನ ಟೀಮಿನ ಹುಡುಗನೊಬ್ಬ ಹೇಳಿದ: "ದೇಶದ ಭದ್ರತೆ ವಿಷ್ಯ ಗುರು. ಮೊದಲು ಎಲ್ರನ್ನೂ ಒಳಗೆ ಹಾಕ್ಲಿ, ಆಮೇಲೆ ಯಾರು ಏನು ಅಂತ ನೋಡ್ಲಿ. ತಪ್ಪಿಲ್ಲದೋರು ಹೊರಗೆ ಬರ್ತಾರೆ." ಕೆಟ್ಟವನಲ್ಲ ಅವನು. ಹೌಸ್‌ಕೀಪಿಂಗ್ ಅಕ್ಕನ ಮಗಳಿಗೆ ಸ್ಕೂಲ್ ಫೀಸ್ ಕಟ್ಟಿದವನು.

"ನಮ್ಮ ಕಡೆ ಅದನ್ನ ಒಂದ್ಸಲ ಮಾಡಿ ನೋಡಿದ್ದಾರೆ ಕಣೋ" ಅಂದೆ. "ಯಾವಾಗ?" ಅಂದ. ಅರ್ಧ ಗಂಟೆ ಕೊರೆದೆ. ಅವತ್ತು ಹೇಳಿದ್ದನ್ನೂ, ಆಮೇಲೆ ಓದಿ ತಿಳಿದಿದ್ದನ್ನೂ ಸೇರಿಸಿ ಇಲ್ಲಿ ಬರೀತಿದೀನಿ.

ನಮ್ಮೂರು ಹುಲ್ಲಹಳ್ಳಿ, ನಂಜನಗೂಡು ತಾಲ್ಲೂಕು, ಕಪಿಲೆ ದಂಡೆ. ನಮ್ಮ ಕಡೆ ಒಕ್ಕಲು ಮನೆಗಳಲ್ಲಿ ನಂಜುಂಡೇಶ್ವರ ಎಷ್ಟು ದೊಡ್ಡವನೋ ಮಾದಪ್ಪನೂ ಅಷ್ಟೇ ದೊಡ್ಡವನು. ವರ್ಷಕ್ಕೊಮ್ಮೆ ಬೆಟ್ಟಕ್ಕೆ ಹೋಗಲೇಬೇಕು. ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ ತಾಳಬೆಟ್ಟ ಹತ್ತಬೇಕು. ನಾನು ಚಿಕ್ಕವನಾಗಿದ್ದಾಗ ಮನೆಯಲ್ಲಿ ಬೆಟ್ಟದ ಮಾತೆದ್ದರೆ ಅಜ್ಜಿ "ಈ ಸಲ ಬ್ಯಾಡ ಕಣಪ್ಪ, ಅವ್ನು ಇನ್ನೂ ಕಾಡಲ್ಲೇ ಅವ್ನಂತೆ" ಅನ್ನೋರು. "ಅವನು" ಅಂದರೆ ಯಾರು ಅಂತ ನಮ್ಮ ಕಡೆ ಯಾರೂ ಕೇಳ್ತಿರಲಿಲ್ಲ. ಹೆಸರು ಹೇಳಿದರೆ ಕೇಳಿಸಿಕೊಂಡುಬಿಡ್ತಾನೇನೋ ಅನ್ನೋ ಹಾಗೆ.

ವೀರಪ್ಪನ್ ಕಥೆ ನಿಮಗೆಲ್ಲ ಗೊತ್ತು. ಶಿವಣ್ಣನ ಸಿನಿಮಾ ನೋಡಿದ್ದೀರಿ, 2023ರಲ್ಲಿ ನೆಟ್‌ಫ್ಲಿಕ್ಸಿನ ಸರಣಿಯೂ ಬಂತು. ಮೀಸೆ, ಬಂದೂಕು, ಆನೆ, ಗಂಧ ಎಲ್ಲ ಅಲ್ಲಿವೆ. ನಾನು ಹೇಳಬೇಕು ಅಂತಿರೋದು ಅವನ ಕಥೆಯಲ್ಲ, ಅವನನ್ನು ಹಿಡಿಯೋಕೆ ಹೋದವರ ಬಲೆಗೆ ಬಿದ್ದವರ ಕಥೆ. ಅದಕ್ಕೆ ಸ್ವಲ್ಪ ಹಿಂದಿನಿಂದ, ಗಡಿಯಿಂದ ಶುರು ಮಾಡಬೇಕು.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಯಮತ್ತೂರು ಸೀಮೆ ಕಂಪನಿಯವರ ಪಾಲಾಯಿತು. ಕೊಳ್ಳೇಗಾಲವೂ ಅದರ ಜೊತೆ ಹೋಯಿತು. ಅಲ್ಲಿಂದ 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನದ್ದು, ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. ಅಂದರೆ ನಮ್ಮ ಮುತ್ತಜ್ಜನ ಕಾಲದಲ್ಲಿ ಹುಲ್ಲಹಳ್ಳಿಯಿಂದ ಮಾದಪ್ಪನ ಬೆಟ್ಟಕ್ಕೆ ಹೋಗೋದು ಅಂದರೆ ಮೈಸೂರು ಮಹಾರಾಜರ ಸೀಮೆ ಬಿಟ್ಟು ಬ್ರಿಟಿಷರ ಸೀಮೆಗೆ ಹೋದ ಹಾಗೆ. 1956ರ ನವೆಂಬರ್ 1ಕ್ಕೆ ಭಾಷಾವಾರು ಪ್ರಾಂತ್ಯ ಆದಾಗ ಕೊಳ್ಳೇಗಾಲ ನಮ್ಮ ಕಡೆ ಬಂತು, ಮೈಸೂರು ಜಿಲ್ಲೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆಗೋವರೆಗೂ ಹಾಗೇ ಇತ್ತು.

ಗೆರೆ ಎಳೆಯೋಕೆ ಭಾಷೆ ಆಧಾರ ಅಂದರೂ ಕಾಡಿನೊಳಗೆ ಭಾಷೆ ಎಲ್ಲಿ ನಿಲ್ಲುತ್ತೆ? ತಮಿಳು ಮಾತಾಡೋ ಗೋಪಿನಾಥಂ ಕರ್ನಾಟಕಕ್ಕೆ ಬಂತು. ಕನ್ನಡ ಮಾತಾಡೋ ತಾಳವಾಡಿ, ಗಾಜನೂರು ತಮಿಳುನಾಡಿನಲ್ಲಿ ಉಳಿದವು. ಗೋಪಿನಾಥಂ ವೀರಪ್ಪನ್ ಊರು, ಗಾಜನೂರು ಅಣ್ಣಾವ್ರ ಊರು. ಅವರು ಹುಟ್ಟಿದ ಕಾಲಕ್ಕೆ ಎರಡೂ ಒಂದೇ ಕೊಯಮತ್ತೂರು ಜಿಲ್ಲೆಯ ಊರುಗಳು! ಕನ್ನಡದ ದೊಡ್ಡ ಹೆಸರಿನ ಮನೆ ತಮಿಳುನಾಡಿನಲ್ಲಿ, ತಮಿಳು ಮಾತಾಡೋ ಕಳ್ಳನ ಮನೆ ಕರ್ನಾಟಕದಲ್ಲಿ. 2000ದಲ್ಲಿ ಎರಡೂ ರಾಜ್ಯದಲ್ಲಿ ಕಿರುಚಾಡಿದವರಿಗೆ ಇದು ನೆನಪಿತ್ತೋ ಇಲ್ಲವೋ.

ಈ ಗೆರೆಯಿಂದ ಲಾಭ ಆಗಿದ್ದು ಯಾರಿಗೆ? ಕಳ್ಳಸಾಗಣೆಯವರಿಗೆ. ಪಾಲಾರ್ ಹಳ್ಳ ದಾಟಿದರೆ ಪೊಲೀಸು ಬೇರೆ, ಅರಣ್ಯ ಇಲಾಖೆ ಬೇರೆ, ಕೋರ್ಟು ಬೇರೆ, ವೈರ್‌ಲೆಸ್ಸಿನಲ್ಲಿ ಮಾತಾಡೋ ಭಾಷೆಯೂ ಬೇರೆ. ಕಾಡು ಮಾತ್ರ ಒಂದೇ. ಅದರ ಮೇಲೆ ಗಂಧದ ಕಾನೂನು. ಟಿಪ್ಪು ಕಾಲದಿಂದ ಗಂಧ ರಾಜನ ಮರ, ಆಮೇಲೆ ಸರ್ಕಾರದ ಮರ. ನಿಮ್ಮ ಹೊಲದ ಬದುವಿನಲ್ಲಿ ತಾನಾಗೇ ಹುಟ್ಟಿದರೂ ಅದು ನಿಮ್ಮದಲ್ಲ. ನಮ್ಮ ಕಡೆ ರೈತರು ಗಂಧದ ಸಸಿ ಕಂಡರೆ ಸುಮ್ಮನೆ ಕಿತ್ತು ಬಿಸಾಡ್ತಿದ್ದರು, ಯಾರಿಗೆ ಬೇಕು ಆ ಉಸಾಬರಿ ಅಂತ. ಜಮೀನಿನ ಒಡೆಯನೇ ಮರದ ಒಡೆಯ ಅಂತ ಕರ್ನಾಟಕದ ಕಾನೂನು ಬದಲಾಗಿದ್ದು 2001ರಲ್ಲಿ. ಅಲ್ಲಿವರೆಗೆ ಗಂಧ ಅಂದರೆ ಒಂದೋ ಸರ್ಕಾರದ್ದು, ಇಲ್ಲ ಕಳ್ಳನದ್ದು. ಕಾಡಂಚಿನ ಬಡವನಿಗೆ ಕೂಲಿ ಕೊಡ್ತಿದ್ದವನು ಎರಡನೆಯವನು.

ಆ ಕೂಲಿ ಮಾಡಿದವರು ಸಾವಿರಾರು ಜನ ಇದ್ದಿರಬಹುದು. ಮರ ಕಡಿದವರು, ಹೊತ್ತವರು, ಅಕ್ಕಿ ತಂದುಕೊಟ್ಟವರು, ಹೆದರಿ ಬಾಯಿ ಮುಚ್ಚಿಕೊಂಡವರು. ಇವರೆಲ್ಲ "ವೀರಪ್ಪನ್ ಕಡೆಯವರು" ಆದದ್ದು 1990ರ ನಂತರ.

ಪೊಲೀಸರ ಕಡೆಯ ಮಾತನ್ನು ಇಲ್ಲಿ ಹೇಳಲೇಬೇಕು, ಇಲ್ಲದಿದ್ರೆ ಮೋಸ ಆಗುತ್ತೆ. 1991ರ ನವೆಂಬರ್ 10ರಂದು ಐಎಫ್ಎಸ್ ಅಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಶರಣಾಗ್ತೀನಿ ಅಂತ ನಂಬಿಸಿ ಕರೆಸಿಕೊಂಡು ಕೊಂದರು, ತಲೆ ಕಡಿದರು. ಗೋಪಿನಾಥಂನವರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟ ಮನುಷ್ಯ ಅವರು. ಊರಿನವರ ಮನಸ್ಸು ಗೆದ್ದರೆ ವೀರಪ್ಪನ್ ತಾನಾಗೇ ಒಂಟಿಯಾಗ್ತಾನೆ ಅಂತ ನಂಬಿದ್ದವರು. ಮಾರನೇ ವರ್ಷ ರಾಮಾಪುರ ಪೊಲೀಸ್ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದರು. 1992ರ ಆಗಸ್ಟ್ 14ಕ್ಕೆ ಮೀಣ್ಯಂ ಹತ್ತಿರ ಎಸ್ಪಿ ಟಿ. ಹರಿಕೃಷ್ಣ, ಎಸ್ಐ ಶಕೀಲ್ ಅಹ್ಮದ್ ಮತ್ತು ಅವರ ಜೊತೆಗಿದ್ದವರು ಹೊಂಚಿಗೆ ಬಲಿಯಾದರು. 1993ರ ಏಪ್ರಿಲ್ 9ಕ್ಕೆ ಪಾಲಾರ್ ಬಳಿ ನೆಲಬಾಂಬು ಸಿಡಿಸಿ 22 ಜನರನ್ನು ಕೊಂದರು. ಸತ್ತವರಲ್ಲಿ ಪೊಲೀಸರು, ಅರಣ್ಯದವರು, ದಾರಿ ತೋರಿಸೋಕೆ ಹೋದವರು ಎಲ್ಲ ಇದ್ದರು.

ಇಷ್ಟಾದ ಮೇಲೆ ಇದನ್ನು ಬರೀ ಗಂಧದ ಕಳ್ಳತನ ಅಂತ ಯಾವ ಸರ್ಕಾರ ಕರೆದೀತು? ನಾನೇ ಗೃಹಮಂತ್ರಿ ಆಗಿದ್ದರೂ ಕರೀತಿರಲಿಲ್ಲ.

ಹಾಗಾಗಿ ದೇಶದ ಗಡಿಯಲ್ಲಿ ಬಳಸೋ ಎರಡು ಅಸ್ತ್ರಗಳು ನಮ್ಮ ಜಿಲ್ಲೆಗೆ ಬಂದವು. ಮೊದಲನೆಯದು ಬಿಎಸ್ಎಫ್. ಹೌದು, ಪಾಕಿಸ್ತಾನದ ಗಡಿ ಕಾಯೋ ಅದೇ ಬಿಎಸ್ಎಫ್. 1993ರಲ್ಲಿ ಕರ್ನಾಟಕ-ತಮಿಳುನಾಡಿನ ನಡುವಿನ ಕಾಡಿಗೆ ಅವರನ್ನು ಇಳಿಸಿದರು. ಕನ್ನಡ, ತಮಿಳು, ಸೋಲಿಗರ ಮಾತು ಮೂರೂ ಬಾರದ ಜವಾನರಿಗೆ ಇಲ್ಲಿ ಯಾರು ಗೂಢಚಾರಿ, ಯಾರು ಜೇನು ಕೀಳೋಕೆ ಬಂದವನು ಅಂತ ತಿಳಿಯೋದು ಹೇಗೆ? ಬಂದರು, ಅಲೆದರು, ವಾಪಸ್ ಹೋದರು.

ಎರಡನೆಯದು ಟಾಡಾ. ಅದು ವಾಪಸ್ ಹೋಗಲಿಲ್ಲ.

ಟಾಡಾ ಹುಟ್ಟಿದ್ದು 1985ರಲ್ಲಿ, ಪಂಜಾಬಿನ ಉಗ್ರವಾದವನ್ನು ಎದುರಿಗಿಟ್ಟುಕೊಂಡು. 1987ರಲ್ಲಿ ಅದನ್ನು ಮತ್ತೆ ಬರೆದರು. ಅದರಲ್ಲಿ ಮೂರು ವಿಷಯ ಗಮನಿಸಿ. ನಮ್ಮ ಮಾಮೂಲಿ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಹೇಗೆ ಒಪ್ಪಿಸ್ತಾರೆ ಅನ್ನೋದು ಬ್ರಿಟಿಷರಿಗೂ ಗೊತ್ತಿತ್ತು, ಅದಕ್ಕೇ ಆ ನಿಯಮ. ಟಾಡಾದ 15ನೇ ಸೆಕ್ಷನ್ ಅದನ್ನು ತೆಗೆದುಹಾಕಿತು. ಎಸ್ಪಿ ದರ್ಜೆಯ ಅಧಿಕಾರಿ ಮುಂದೆ ಒಪ್ಪಿಕೊಂಡರೆ ಸಾಕು, ಅದೇ ಸಾಕ್ಷಿ. ಇನ್ನು ಬೇಲು. ನೀವು ತಪ್ಪಿತಸ್ಥರಲ್ಲ ಅಂತ ನಂಬೋಕೆ ಕಾರಣ ಇದೆ ಅಂತ ವಿಚಾರಣೆಗೂ ಮೊದಲೇ ಜಡ್ಜಿಗೆ ಅನ್ನಿಸಬೇಕು, ಆಗ ಮಾತ್ರ ಬೇಲು. ಮೂರನೆಯದು, ಮೇಲ್ಮನವಿ ಹೈಕೋರ್ಟಿಗಲ್ಲ, ನೇರ ಸುಪ್ರೀಂ ಕೋರ್ಟಿಗೆ. ಮಾರ್ಟಳ್ಳಿಯ ಕೂಲಿಯವನೊಬ್ಬ ದಿಲ್ಲಿಗೆ ಹೋಗಬೇಕು. ಅವನು ಅದುವರೆಗೆ ಮೈಸೂರನ್ನೇ ನೋಡಿರೋದು ಅನುಮಾನ.

ದೇಶದಲ್ಲಿ ಟಾಡಾ ಅಡಿ ಒಳಗೆ ಹೋದವರು 70,000ಕ್ಕೂ ಹೆಚ್ಚು. ಅವರಲ್ಲಿ ಶಿಕ್ಷೆ ಆದವರು ತೀರಾ ಕಮ್ಮಿ. ಎಷ್ಟು ದುರ್ಬಳಕೆ ಆಯಿತು ಅಂದರೆ 1995ರ ಮೇನಲ್ಲಿ ಅವಧಿ ಮುಗಿದಾಗ ಕೇಂದ್ರ ಸರ್ಕಾರ ಅದನ್ನು ಮುಂದುವರಿಸಲಿಲ್ಲ. ಆದರೆ ಹಳೇ ಕೇಸುಗಳು ಮುಂದುವರಿಯಲಿ ಅಂತ ಕಾನೂನಿನಲ್ಲೇ ಇತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸಪೋರ್ಟ್ ನಿಂತುಹೋದ ಸಾಫ್ಟ್‌ವೇರು, ಪ್ರೊಡಕ್ಷನ್ನಿನಲ್ಲಿ ಮಾತ್ರ ಓಡ್ತಾನೇ ಇತ್ತು.

ಪಾಲಾರ್ ಸ್ಫೋಟದ ಆಸುಪಾಸಿನಲ್ಲಿ ಕರ್ನಾಟಕದ ಕಡೆ ನೂರಕ್ಕೂ ಹೆಚ್ಚು ಜನರನ್ನು ಟಾಡಾ ಅಡಿ ಹಿಡಿದು ಮೈಸೂರು ಜೈಲಿಗೆ ಹಾಕಿದರು. ಹೆಂಗಸರೂ ಇದ್ದರು. ಕೇಸು ಇಲ್ಲದೆ ಎತ್ತಿಕೊಂಡು ಹೋದವರ ಲೆಕ್ಕ ಬೇರೆ. ಮಾದಪ್ಪನ ಬೆಟ್ಟದಲ್ಲಿ "ವರ್ಕ್‌ಶಾಪ್" ಅಂತ ಕರೀತಿದ್ದ ಒಂದು ಜಾಗ ಇತ್ತು. ಅಲ್ಲಿ ನೇತು ಹಾಕಿ ಹೊಡೆದರು, ಕರೆಂಟ್ ಕೊಟ್ಟರು ಅಂತ ಆಮೇಲೆ ಎಷ್ಟೋ ಜನ ದೂರು ಹೇಳಿದರು. ಅಧಿಕಾರಿಗಳು ನಿರಾಕರಿಸಿದರು. ದೂರು ವಿಚಾರಿಸೋಕೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಜಸ್ಟಿಸ್ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿದ್ದು 1999ರಲ್ಲಿ. ಅಷ್ಟು ಹೊತ್ತಿಗೆ ಆರು ವರ್ಷ ಕಳೆದಿತ್ತು.

ಇದೆಲ್ಲ ನಡೀತಿರುವಾಗ ಹುಲ್ಲಹಳ್ಳಿಯಲ್ಲಿ ನಮಗೆ ಏನು ಗೊತ್ತಿತ್ತು? ಏನೂ ಇಲ್ಲ. ಬೆಟ್ಟದ ಮೆಟ್ಟಿಲು ಹತ್ತುವಾಗ ನಮ್ಮವರು "ಉಘೇ ಮಾದಪ್ಪ" ಅಂತಿದ್ದರು. ಅದೇ ಬೆಟ್ಟದಲ್ಲಿ ಇನ್ನೊಂದು ಕಡೆ ಯಾರೋ ಬೇರೆ ಕಾರಣಕ್ಕೆ ಕೂಗ್ತಿದ್ದಿರಬಹುದು ಅಂತ ಯಾರಿಗೆ ಹೊಳೀಬೇಕು? ಜೈಲಿನಲ್ಲಿರೋರು "ವೀರಪ್ಪನ್ ಸಹಚರರು". ಪೇಪರಿನಲ್ಲಿ ಹಾಗೇ ಬರ್ತಿತ್ತು, ನಾವೂ ಹಾಗೇ ಅಂತಿದ್ವಿ.

2000ದ ಜುಲೈ 30, ಭಾನುವಾರ, ಭೀಮನ ಅಮಾವಾಸ್ಯೆ. ಗಾಜನೂರಿನ ಮನೆಯಿಂದ ರಾಜ್‌ಕುಮಾರ್ ಅವರನ್ನು ಎತ್ತಿಕೊಂಡು ಹೋದರು. ಬೆಳಿಗ್ಗೆ ಎದ್ದರೆ ಊರಿಗೆ ಬಸ್ಸಿಲ್ಲ, ಸ್ಕೂಲಿಲ್ಲ. ನನಗೆ ಹನ್ನೆರಡು ವರ್ಷ, ಒಳಗೊಳಗೇ ಖುಷಿ. ಅಪ್ಪ ಮಾತ್ರ ಟೀವಿ ಮುಂದೆ ಕೂತವರು ಏಳಲಿಲ್ಲ. ನಮ್ಮಪ್ಪ ಅತ್ತಿದ್ದನ್ನು ನಾನು ನೋಡಿದ್ದು ಎರಡೇ ಸಲ. ಅದರಲ್ಲಿ ಇದೊಂದು.

ವೀರಪ್ಪನ್ ಬೇಡಿಕೆಗಳಲ್ಲಿ ಕಾವೇರಿ ಇತ್ತು, 1991ರ ಗಲಭೆಯಲ್ಲಿ ನೊಂದ ತಮಿಳರಿಗೆ ಪರಿಹಾರ ಇತ್ತು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಇತ್ತು. ಅದರ ಜೊತೆಗೆ ಮೈಸೂರು ಜೈಲಿನಲ್ಲಿದ್ದ ಟಾಡಾ ಬಂದಿಗಳ ಬಿಡುಗಡೆಯೂ ಇತ್ತು. ಕರ್ನಾಟಕ ಸರ್ಕಾರ ಏನು ಮಾಡಿತು? ಅವರ ಮೇಲಿನ ಟಾಡಾ ಆರೋಪ ಕೈಬಿಡ್ತೀವಿ ಅಂತ ಅರ್ಜಿ ಹಾಕಿತು. ಮೈಸೂರಿನ ವಿಶೇಷ ಕೋರ್ಟು ಒಪ್ಪಿತು.

ನಾನು ದೊಡ್ಡವನಾಗಿ ಈ ಕಡತಗಳ ಬಗ್ಗೆ ಓದೋವಾಗ ನಿಂತುಬಿಟ್ಟಿದ್ದು ಇಲ್ಲಿ. ಏಳು ವರ್ಷ ಇವರು ಎಷ್ಟು ಅಪಾಯಕಾರಿ ಅಂದರೆ ಬೇಲು ಕೂಡ ಕೊಡಬಾರದು ಅಂತ ವಾದಿಸಿದ ಸರ್ಕಾರವೇ ಒಂದು ತಿಂಗಳೊಳಗೆ ಇವರನ್ನು ಬಿಟ್ಟರೆ ತೊಂದರೆಯಿಲ್ಲ ಅಂದಿತು. ಎರಡರಲ್ಲಿ ಒಂದು ಸುಳ್ಳಿರಬೇಕಲ್ಲ? ಅವರು ನಿಜವಾಗಲೂ 22 ಜನರನ್ನು ಕೊಂದವರಾದರೆ ಯಾವ ಬಾಯಲ್ಲಿ ಬಿಡ್ತೀರಿ? ಅಲ್ಲ ಅಂತಾದರೆ ಏಳು ವರ್ಷ ಯಾಕೆ ಇಟ್ಟುಕೊಂಡಿದ್ರಿ? ಕೂಲಿಯವನ ಹೆಂಡತಿ ಜೈಲಿನ ಬಾಗಿಲಲ್ಲಿ ನಿಂತಾಗ ಬರದ ಅನುಮಾನ ಅಣ್ಣಾವ್ರು ಕಾಡಿಗೆ ಹೋದಾಗ ಬಂತಲ್ಲ. ಅಣ್ಣಾವ್ರ ಮೇಲೆ ನನಗೇನೂ ಇಲ್ಲ. ಆ ಮನುಷ್ಯ 108 ದಿನ ಕಾಡಿನಲ್ಲಿ ಬಂದಿಯಾಗಿದ್ದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು.

ಸರ್ಕಾರದ ಈ ತೀರ್ಮಾನವನ್ನು ಪ್ರಶ್ನಿಸಿದ್ದು ಒಬ್ಬ ತಂದೆ. ಮೀಣ್ಯಂನಲ್ಲಿ ಸತ್ತ ಎಸ್ಐ ಶಕೀಲ್ ಅಹ್ಮದ್ ಅವರ ಅಪ್ಪ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ನನ್ನ ಮಗ ಸತ್ತಿದ್ದು ಯಾತಕ್ಕೆ ಅನ್ನೋ ಪ್ರಶ್ನೆ ಅದು. 2000ದ ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟು ಆರೋಪ ಕೈಬಿಟ್ಟಿದ್ದನ್ನು ರದ್ದು ಮಾಡಿತು, ಎರಡೂ ರಾಜ್ಯ ಸರ್ಕಾರಗಳಿಗೆ ಚಾಟಿ ಬೀಸಿತು. ಎಂಟು ದಿನ ಬಿಟ್ಟು, ನವೆಂಬರ್ 15ಕ್ಕೆ ರಾಜ್‌ಕುಮಾರ್ ಬಿಡುಗಡೆ ಆದರು. ಟಾಡಾ ಬಂದಿಗಳು ಬಿಡುಗಡೆ ಆಗದೇನೇ.

ಅಬ್ದುಲ್ ಕರೀಂ ಮಾಡಿದ್ದು ತಪ್ಪಾ? ನನ್ನಿಂದ ಹಾಗನ್ನೋಕೆ ಆಗಲ್ಲ. ಬಂದೂಕು ತೋರಿಸಿ ಕೇಳಿದವನಿಗೆ ಸರ್ಕಾರ ಕೋರ್ಟಿನ ಬಾಗಿಲು ತೆಗೆದುಕೊಡಬಾರದು, ಸರಿ. ಸುಪ್ರೀಂ ಕೋರ್ಟ್ ಹೇಳಿದ್ದೂ ಸರಿ. ಆದರೆ ಆ ಸರಿಯಾದ ತೀರ್ಪಿನಿಂದ ಜೈಲಿನಲ್ಲೇ ಉಳಿದವರಲ್ಲಿ ಏನೂ ಮಾಡದವರೂ ಇದ್ದರು. ಆ ಗಂಟನ್ನು 1993ರಲ್ಲೇ ಹಾಕಿಯಾಗಿತ್ತು. ಒಬ್ಬೊಬ್ಬನ ಮೇಲೂ ಬೇರೆ ಬೇರೆ ಸಾಕ್ಷಿ ಹುಡುಕೋ ಬದಲು ಊರನ್ನೇ ಕಟ್ಟಿ ಒಂದೇ ಕಟ್ಟಿನಲ್ಲಿ ಹಾಕಿದರು. ಕಟ್ಟಿದ್ದು ಹಾಗಾದ್ದರಿಂದ ಬಿಚ್ಚುವಾಗ ಕೊಂದವನನ್ನೂ ಅಕ್ಕಿ ಕೊಟ್ಟವನನ್ನೂ ಬೇರೆ ಮಾಡೋಕೆ ಯಾರಿಂದಲೂ ಆಗಲಿಲ್ಲ.

ಮೈಸೂರಿನ ಟಾಡಾ ಕೋರ್ಟು ತೀರ್ಪು ಕೊಟ್ಟಿದ್ದು 2001ರ ಸೆಪ್ಟೆಂಬರ್ 29ಕ್ಕೆ. ನೂರಕ್ಕೂ ಹೆಚ್ಚು ಜನ ಖುಲಾಸೆ. ಬೆರಳೆಣಿಕೆಯಷ್ಟು ಜನರಿಗೆ ಶಿಕ್ಷೆ. ಸಾಕ್ಷಿ ಇಲ್ಲ ಅಂತ ಹೊರಗೆ ಬಂದವರಲ್ಲಿ ಕೆಲವರು ಎಂಟು ವರ್ಷ ಒಳಗಿದ್ದರು. "ತಪ್ಪಿಲ್ಲದೋರು ಹೊರಗೆ ಬರ್ತಾರೆ" ಅಂತ ನನ್ನ ಗೆಳೆಯ ಹೇಳಿದ್ದು ನಿಜವೇ. ಬಂದರು. ಒಳಗೆ ಹೋಗುವಾಗ ಕಂಕುಳಲ್ಲಿದ್ದ ಮಗು ಬರುವಾಗ ನಾಲ್ಕನೇ ಕ್ಲಾಸಿನಲ್ಲಿರೋ ವಯಸ್ಸು.

ಜೀವಾವಧಿ ಶಿಕ್ಷೆ ಆದವರಲ್ಲಿ ನಾಲ್ವರು ಮೇಲ್ಮನವಿಗೆ ಹೋದರು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಶಿಕ್ಷೆ ಕಡಿಮೆ ಮಾಡೋದಿರಲಿ, ತಾನಾಗಿ ಏರಿಸಿ ಗಲ್ಲು ಅಂತ ಮಾಡಿತು. ಅವರ ಕ್ಷಮಾದಾನದ ಅರ್ಜಿ ರಾಷ್ಟ್ರಪತಿ ಭವನದಲ್ಲಿ ಒಂಬತ್ತು ವರ್ಷ ಕೂತು 2013ರ ಫೆಬ್ರುವರಿಯಲ್ಲಿ ತಿರಸ್ಕಾರ ಆಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ನೇಣಿನ ಮಾತು ಶುರುವಾಗಿದ್ದಾಗ ತಡೆ ಬಂತು. 2014ರ ಜನವರಿ 21ರಂದು, ಇಷ್ಟು ವರ್ಷ ಸಾವಿನ ನೆರಳಲ್ಲಿ ಕಾಯಿಸಿದ್ದೇ ತಪ್ಪು ಅಂತ ಸುಪ್ರೀಂ ಕೋರ್ಟು ಒಟ್ಟು 15 ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅದರಲ್ಲಿ ಈ ನಾಲ್ವರೂ ಇದ್ದರು.

ವೀರಪ್ಪನ್ ಏನಾದ? ನೂರಾರು ಜನ ಜೈಲಿನಲ್ಲಿದ್ದಷ್ಟು ಕಾಲವೂ ಅವನು ಹೊರಗಿದ್ದ. 2002ರ ಆಗಸ್ಟಿನಲ್ಲಿ ಮಾಜಿ ಮಂತ್ರಿ ಎಚ್. ನಾಗಪ್ಪ ಅವರನ್ನು ಕಾಮಗೆರೆಯ ಮನೆಯಿಂದ ಎತ್ತಿಕೊಂಡು ಹೋದ, ಡಿಸೆಂಬರಿನಲ್ಲಿ ಅವರ ಹೆಣ ಸಿಕ್ಕಿತು. ಕೊನೆಗೆ 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಹತ್ತಿರ ಒಂದು ಆಂಬುಲೆನ್ಸಿನಲ್ಲಿ ಸತ್ತ. ಕೆ. ವಿಜಯ್ ಕುಮಾರ್ ನೇತೃತ್ವದ ತಮಿಳುನಾಡು ಎಸ್‌ಟಿಎಫ್ ತಮ್ಮವರನ್ನೇ ಅವನ ಹತ್ತಿರ ಕಳಿಸಿ, ನಂಬಿಸಿ, ಕಣ್ಣಿನ ಚಿಕಿತ್ಸೆ ಅಂತ ಕಾಡಿನಿಂದ ಹೊರಗೆ ತಂದಿತ್ತು. ಅಲ್ಲಿ ಹೊಡೆದವರ ಎನ್‌ಕೌಂಟರ್ ಬಗ್ಗೆ ಬೇರೆ ವಾದಗಳಿವೆ, ಅದು ಬೇರೆ ಲೇಖನ. ನಾನು ನೋಡೋದು ಇಷ್ಟೇ: ಅವನ ತನಕ ಕರೆದೊಯ್ದಿದ್ದು ತಿಂಗಳುಗಟ್ಟಲೆ ತಾಳ್ಮೆಯಿಂದ ನೇಯ್ದ ಬಲೆ. ಹಳ್ಳಿಯವರನ್ನು ಜೈಲಿಗೆ ತುಂಬಿದ್ದಲ್ಲ.

ಗೋಪಿನಾಥಂನಲ್ಲಿ ಈಗ ಜಂಗಲ್ ಲಾಡ್ಜಸ್‌ನವರ ಕ್ಯಾಂಪ್ ಇದೆ. ವೀಕೆಂಡಿಗೆ ಬೆಂಗಳೂರಿನಿಂದ ಹೋಗ್ತಾರೆ. ನೀವೂ ಹೋಗಿ, ಚೆನ್ನಾಗಿದೆ ಜಾಗ. ಅಲ್ಲಿ ಶ್ರೀನಿವಾಸ್ ಅವರ ಹೆಸರನ್ನು ಊರಿನವರು ಇವತ್ತಿಗೂ ಯಾವ ದನಿಯಲ್ಲಿ ಹೇಳ್ತಾರೆ ಅಂತ ಕೇಳಿಸಿಕೊಳ್ಳಿ.

ಕ್ಯಾಂಟೀನಿನಲ್ಲಿ ಇಷ್ಟೆಲ್ಲ ಹೇಳಿ ಮುಗಿಸಿದಾಗ ನನ್ನ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನ್ಯಾಯವಾದ ಪ್ರಶ್ನೆಯನ್ನೇ ಕೇಳಿದ: "ಹಾಗಾದ್ರೆ ಯಾರನ್ನೂ ಹಿಡೀಲೇ ಬಾರ್ದಾ? ಗಡಿ ದಾಟಿ ಬಂದೋರನ್ನ ಏನ್ ಮಾಡ್ಬೇಕು?"

ಹಿಡೀಬೇಕು. ಗಡಿ ಅನ್ನೋದು ಬೇಕು, ಕಾಯೋರೂ ಬೇಕು. ಪರದೇಶದವನು ಕಾಗದ ಇಲ್ಲದೆ ಬಂದಿದ್ದರೆ ಕಳಿಸೋಕೆ ಕಾನೂನಿದೆ. ಆದರೆ ಒಬ್ಬೊಬ್ಬನನ್ನೂ ಹೆಸರಿಟ್ಟು ಹಿಡೀಬೇಕು, ಕಾಗದ ನೋಡಬೇಕು, ಅವನ ಮಾತು ಕೇಳಬೇಕು. ಮಾತಾಡೋ ಭಾಷೆ ನೋಡಿ, ವಾಸ ಮಾಡೋ ಶೀಟಿನ ಮನೆ ನೋಡಿ ಗುಂಪಿಗೇ ಹೆಸರು ಕೊಟ್ಟರೆ ಗೋಪಿನಾಥಂನಲ್ಲಿ ಆದದ್ದೇ ಕರಿಯಮ್ಮನ ಅಗ್ರಹಾರದಲ್ಲೂ ಆಗುತ್ತೆ. ಇದು ನಿಧಾನದ ಕೆಲಸ, ಬೇಜಾರಿನ ಕೆಲಸ. ಟೀವಿಯಲ್ಲಿ ತೋರಿಸೋಕೆ ಚೆನ್ನಾಗಿರಲ್ಲ.

"ಬಿಡುಗಡೆ ಆದೋರಿಗೆ ದುಡ್ಡೇನಾದ್ರೂ ಕೊಟ್ರಾ?" ಅಂದ.

ಸದಾಶಿವ ಸಮಿತಿ ಎಲ್ಲ ದೂರನ್ನೂ ಒಪ್ಪಲಿಲ್ಲ. ಒಪ್ಪಿದ್ದನ್ನು ಹಿಡಿದುಕೊಂಡು ಮಾನವ ಹಕ್ಕುಗಳ ಆಯೋಗ 2007ರ ಜನವರಿಯಲ್ಲಿ ಎರಡೂ ರಾಜ್ಯದ 89 ಜನರಿಗೆ 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಅಂತ ಹೇಳಿತು. ಅವನು ಫೋನ್ ತೆಗೆದು ಭಾಗಿಸಿದ. ತಲೆಗೆ ಸರಾಸರಿ 3 ಲಕ್ಷದ 14 ಸಾವಿರ ಚಿಲ್ಲರೆ. "ಇದು ಹಿಂಸೆಗೆ ಕೊಟ್ಟಿದ್ದು. ಬರೀ ಜೈಲಲ್ಲಿ ಕೂತು ಬಂದಿದ್ದಕ್ಕೆ?" ಅಂದ. ತಪ್ಪು ಕೇಸಿನಲ್ಲಿ ವರ್ಷಗಟ್ಟಲೆ ಒಳಗಿದ್ದವರಿಗೆ ಪರಿಹಾರ ಕೊಡೋಕೆ ಒಂದು ಕಾನೂನು ಮಾಡಿ ಅಂತ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಹೇಳಿದ್ದು 2018ರಲ್ಲಿ, ಆ ಕಾನೂನು ಇನ್ನೂ ಬಂದಿಲ್ಲ ಅಂದೆ.

ಅವನು ಪ್ಲೇಟ್ ತಗೊಂಡು ಎದ್ದ. ಎರಡೂವರೆಗೆ ನಮಗೆ ಕಾಲ್ ಇತ್ತು.